ಐದು ಕಿಲೋ ಎತ್ತ ಬೀಳತೈತಿ

ಕಾರಟಗಿ ದಾಟಿ ಸಿಂಧನೂರು ರಸ್ತೆಗೆ ನಮ್ಮ ವೇಬ್ರಿಡ್ಜು.
ಸೋನಾಮಸೂರಿ ಹೊತ್ತ ಲಾರಿ ಏರಿದರ
ಮೇಜಿನ ಮ್ಯಾಲಿನ ಚಾದ ಕಪ್ಪು ಒಂದು ಸಲ ನಡಗತೈತಿ,
ಆಮ್ಯಾಲ ಕೆಂಪು ಅಂಕಿ ನಿಲ್ಲತೈತಿ.
ಚೀಟಿ ಹರಿದು ಕೊಡಾಕಿ ನಾನು, ಹುಸೇನಮ್ಮ.

ಲೆಕ್ಕ ಬರೆದಾಂವ ಬಡಿಗ್ಯಾರ ಮೌನೇಶ,
ಪಾಲಿಟೆಕ್ನಿಕ್ಕಿನ್ಯಾಗ ಎರಡು ಸಲ ಫೇಲಾದಾಂವ.
ಅಂವ ಬರೆದ ಭಾಷಾ ಅಂವಂದಲ್ಲ.
ಯಾವ ದೇಶದವರೋ, ಹಗಲು ಬ್ಯಾರೆ ದುಡಿಮಿ ಮಾಡಿ
ರಾತ್ರಿ ಕುಂತು ಕಟ್ಟಿದ್ದು,
ಚಿಲಕ ಇಡದ ಬಿಟ್ಟದ್ದು.
ಜೊತಿಗೊಂದು ಒಕ್ಕಣಿ: ಬೇಕಾದಂಗ ಬಳಸ್ರಿ,
ಕೆಟ್ಟರ ನಮ್ಮನ್ನ ಕೇಳಬ್ಯಾಡ್ರಿ.
ಮೌನೇಶ ನಗತಿದ್ದ:
ನಮ್ಮಜ್ಜ ರಂಟಿ ಮಾಡಿ ಕೊಡುವಾಗ ಇದ ಮಾತು,
ಬರೆದು ಕೊಡತಿದ್ದಿಲ್ಲ ಅಷ್ಟ.

ಹನ್ನೊಂದು ವರ್ಷ ನಡೀತು.
ಇಲಿ ಕಡಿದ ವೈರು, ಮಿಲ್ಲಿನ ಹೊಟ್ಟಿನ ಧೂಳು.
ಡಬ್ಬಿಯ ಫ್ಯಾನು ನಿಂತ ದಿನ
ಬೀಸಣಿಕಿ ಹಿಡಿದು ಗಾಳಿ ಹಾಕೀನಿ,
ಜ್ವರ ಬಂದ ಕೂಸಿಗೆ ಹಾಕಿದಂಗ.

ಆಮ್ಯಾಲ ಬಂದರು ಹೈದರಾಬಾದಿನ ಕಂಪನಿಯವರು.
ಅಂಗೈಯಷ್ಟು ಪೆಟಿಗಿ. ಬ್ಯಾರೆ ಚಿಪ್ಪು, ಬ್ಯಾರೆ ಬುನಾದಿ.
ನಮ್ಮ ಭಾಷಾ ಅದರ ಮ್ಯಾಲ ಓಡಂಗಿಲ್ಲಂತ.
ಓಡಂಗ ಮಾಡ್ರಿ, ಅಂದೆ.
ಅದು ನಮ್ಮದಲ್ಲಮ್ಮಾ, ಅಂದ ಟೈ ಕಟ್ಟಿದ ಹುಡುಗ,
ಪುಕ್ಕಟೆ ಭಾಷಾ, ದಾಟಿಸಿದರ ನಮಗೇನು ಸಿಗತೈತಿ?
ನಮ್ಮದ ಒಂದೈತಿ, ಅದರಾಗ ಬರಸ್ರಿ,
ವರ್ಷಕ್ಕಿಷ್ಟು.

ಓದಿದ್ದು ಎಂಟನೆತ್ತ. ಆದರೂ ಕೇಳಿದೆ:
ನಿಮ್ಮ ಆಫೀಸಿನ್ಯಾಗ ಆ ಭಾಷಾ ಬಳಸಂಗಿಲ್ಲೇನು?
ಹುಡುಗ ಮೊಬೈಲು ನೋಡಿದ.
ಬಾಗಿಲಾಗ ನಿಂತಿದ್ದ ಮೌನೇಶ
ಅವರ ಅರ್ಧ ಅಂಗಡಿ ಅದರ ಮ್ಯಾಲ ನಿಂತೈತಿ, ಅಂದ,
ಹಲ್ಲಾಗ ಸಿಕ್ಕ ಅಡಿಕಿ ತೆಗೀತ.

ಊರ ಬಾವಿಗೆ ಕೊಡ ಬಿಡಾಕಿಗೆ
ಹೂಳ ಎತ್ತಂತ ಯಾರೂ ಹೇಳಂಗಿಲ್ಲ.
ಮೋಟರು ಇಳಿಬಿಟ್ಟಾಂವಗ
ಹೇಳಬೇಕಾಗತೈತಿ.
ಹೇಳಿದೆ.

ನಾಚಿಕಿಗೋ, ನಮ್ಮಂಥಾ ನಲವತ್ತು ಮಂದಿ
ಕೈ ತಪ್ಪತಾರಂತಲೋ,
ಸುಗ್ಗಿ ಹೊತ್ತಿಗೆ ದಾಟಿಸಿಕೊಂಡು ಬಂದರು.
ಹಳೇದು, ಹೊಸದು, ಬಾಜೂಬಾಜೂ ಇಟ್ಟು
ಒಂದ ಲಾರಿ ತೂಗಿದಿವಿ.
ಇಪ್ಪತ್ತೆಂಟು ಸಾವಿರದ ನಾಕನೂರ ಐವತ್ತು, ಅಂತು ಹಳೇದು.
ಹೊಸದು ನಲವತ್ತಕ್ಕ ನಿಂತಿತು.

ಮೂರು ರಾತ್ರಿ ಹುಡುಕಿದ ಮೌನೇಶ.
ನಿಜವಾದ ತೂಕ ನಲವತ್ತೈದು.
ಐದು ಬಂದರ ಹಳೇದು ಕಣ್ಣು ಮುಚ್ಚಿ ಮ್ಯಾಲ ಏರಸತಿತ್ತು,
ಹೊಸದು ಸರಿಸಂಖ್ಯೆ ಯಾವ ಕಡಿಗೈತಿ ನೋಡಿ
ಒಮ್ಮೆ ಮ್ಯಾಲ, ಒಮ್ಮೆ ಕೆಳಗ.
ಭಾಷಾ ಅದ. ಪದ ಅವ.
ದಾಟುವಾಗ ಒಂದು ರೂಢಿ ಬದಲಾಗೈತಿ,
ಹೊಳಿ ದಾಟಿದ ಸೊಸಿ ಸಾರಿಗೆ ಹುಳಿ ಕಮ್ಮಿ ಹಾಕಿದಂಗ.

ಯಾವುದು ತಪ್ಪೋ, ಅಂದೆ.
ಸುಮ್ಮನ ಕುಂತಿದ್ದ. ಆಮ್ಯಾಲ ಅಂದ:
ಹೊಸದ ನ್ಯಾಯ ಅಕ್ಕಾ.
ಹನ್ನೊಂದು ವರ್ಷ ನಾವು ಐದೈದು ಕಿಲೋ ಗಾಳಿ ಮಾರೀವಿ.
ಖಾಲಿ ಲಾರಿಗೂ ಹಂಗ ಏರಿಸಿದ್ದಲ್ಲೋ, ಅಂದೆ.
ಹೌದು, ಅಂದ, ಯಾರದು ಯಾರಿಗೆ ಹೋತೋ.

ಚಿಲಕ ಇಡದವರಿಗೂ ಬರೆದಾನ, ಕಂಪನಿಗೂ ಬರೆದಾನ.
ದೂರದವರು ಮರುದಿನ ಉತ್ತರ ಕೊಟ್ಟರು:
ನೋಡತೀವಿ, ತೂಕದ ಉದಾಹರಣಿಗೆ ಶರಣು.
ಕಂಪನಿಯಿಂದ ಬಂದದ್ದು ಒಂದು ನಂಬರು ಅಷ್ಟ,
ದೂರಿನ ನಂಬರು.
ದಾಟಿಸಿದ್ದನ್ನ ಆ ಮನ್ಯಾಗ ವಾಪಸ್ ಇಟ್ಟಾರೋ,
ತಮ್ಮ ಕಪಾಟಿನ್ಯಾಗ ಬೀಗ ಜಡಿದಾರೋ
ಯಾರಿಗೂ ಗೊತ್ತಿಲ್ಲ.

ರಾತ್ರಿ ಎರಡು ಗಂಟಿ.
ಎರಡೂ ಪರದೆ ಹಚ್ಚಿಟ್ಟೀನಿ.
ಕಪ್ಪು ನಡಗಿತು.
ಕಿಟಕಿಯಾಗ ಡ್ರೈವರ ಚಾಂದಪಾಷಾ, ಕಣ್ಣಾಗ ನಿದ್ದಿ:
ಯಾವುದು ಬರೀತಿ ಅಕ್ಕಾ, ಲಗೂನ ಬರಿ.