ಹಲವು ಮಕ್ಕಳ ತಾಯಿ ಬೇರು

ಪುಂಡಲೀಕ ತಾಂಡೇಲರ ಡಬ್ಬಿ
ಈ ತಿಂಗಳು ಮೂರನೆಯ ಸಲ ನನ್ನ ಮೇಜಿಗೆ ಬಂತು.
ಹುಳ: ಕಂಡುಬಂದಿಲ್ಲ. ರಕ್ತ: ಇಲ್ಲ.
ಕಾರವಾರದ ಈ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ
ಪರರ ಹೊಟ್ಟೆಯ ಗುಟ್ಟು ಓದುವುದೇ
ನನ್ನ ಹೊಟ್ಟೆಪಾಡು.

ಬಲೆಯ ಹಗ್ಗ ಕೊಯ್ದ ಕಾಲು ಕೀವಾಗಿ
ನಲವತ್ತು ದಿನ ನುಂಗಿದ ಗುಳಿಗೆ
ಕಾಲನ್ನೇನೋ ಉಳಿಸಿತು;
ಒಳಗಿನ ಊರಿಗೆ ಊರನ್ನೇ ಗುಳೆ ಎಬ್ಬಿಸಿತು.
"ಗಂಜಿಯೂ ದಕ್ಕೂದಿಲ್ಲ ಬಾಯೇ,"
ಕಿಟಕಿಯ ಸರಳು ಹಿಡಿದು ಅಂದರು.
ದಕ್ಕುವುದಕ್ಕೆ ವರದಿಯಲ್ಲಿ ಕಾಲಮ್ಮಿಲ್ಲ.

ಭಾನುವಾರದ ಸಂತೆಯಲ್ಲಿ, ಒಣಮೀನಿನ ಸಾಲು ಮುಗಿಯುವಲ್ಲಿ,
ಅಂಕೋಲೆ ಕಡೆಯ ಬೊಮ್ಮಿ, ಕುತ್ತಿಗೆ ತುಂಬ ಮಣಿಸರ,
ಗೋಣಿಯ ಮೇಲೆ ಬೇರಿನ ಗೊಂಚಲು ಹರವಿದ್ದಳು.
ಒಂದೇ ಬುಡಕ್ಕೆ ಮೂವತ್ತು, ನಲವತ್ತು,
ನೀರಲ್ಲಿ ನೆನೆದು ಬಿಳಿಚಿದ ಬೆರಳು.
"ಹಲವು ಮಕ್ಕಳ ತಾಯಿ," ಅಂದಳು.
"ಎಲ್ಲ ಕೀಳ್ಬಾರ್ದು. ತಾಯಿಗೆ ನಾಕು ಬಿಟ್ಟು ಬರೂದು."
ದರ ಮಾತ್ರ ಇಳಿಸಲಿಲ್ಲ.

ಸೋಮವಾರ, ಊಟದ ಹೊತ್ತು, ಡಾಕ್ಟರಿಗೆ ತಿಳಿಯದಂತೆ
ಎರಡು ಗಾಜಿನ ತಟ್ಟೆ: ಒಂದರಲ್ಲಿ ಕೂವೆಹಿಟ್ಟು,
ಒಂದರಲ್ಲಿ ಜಜ್ಜಿದ ಬೇರು. ಹನಿ ಹನಿ ಅಯೋಡಿನ್.
ಕೂವೆ ಕೂಡಲೇ ನೀಲಿಗಟ್ಟಿತು,
ಕಾಳಿ ಕಡಲಿಗೆ ಸೇರುವಲ್ಲಿ ಕತ್ತಲಾದ ಹಾಗೆ.
ಬೇರು ಸುಮ್ಮನಿತ್ತು.
ಅಂಟಂಟು, ತುಸು ಸಿಹಿ,
ಬಣ್ಣ ಬಿಟ್ಟುಕೊಡದ ಸಿಹಿ.

ಪುಸ್ತಕ ತೆಗೆದೆ. ಸಕ್ಕರೆಯ ಕೈ ಸಕ್ಕರೆ ಹಿಡಿದ ಸರಪಳಿ,
ಬಿಡಿಸುವ ಕೀಲಿ ನಮ್ಮಲ್ಲಿಲ್ಲವಂತೆ.
ಬಾಯಿ, ಜಠರ, ಇಪ್ಪತ್ತು ಅಡಿ ಸಣ್ಣಕರುಳು,
ಯಾವ ಸುಂಕದಕಟ್ಟೆಯಲ್ಲೂ ಗಂಟು ಬಿಚ್ಚದೆ
ಇಳಿಯುತ್ತದೆ ದೊಡ್ಡಕರುಳಿನ ಕತ್ತಲಿಗೆ.
ಅಲ್ಲಿ ಹಸಿದವರಿದ್ದಾರೆ,
ನನ್ನ ಮಸೂರದಡಿ ಸಿಕ್ಕರೂ ಇಷ್ಟು ವರ್ಷ
'ಇತರೆ' ಎಂದು ಬರೆದು ಮುಚ್ಚಳ ಹಾಕಿದವರು.
ನಮಗೆ ದಕ್ಕದ್ದು ಅವರಿಗೆ ದಕ್ಕಿ,
ಅವರು ಉಂಡು ಬಿಟ್ಟ ಹುಳಿಯಿಂದ
ನಮ್ಮ ಕರುಳಿನ ಗೋಡೆಗೆ ಸಾರಣೆ.

ತಾಂಡೇಲರಿಗೆ ಇದನ್ನೆಲ್ಲ ಹೇಳಲಿಲ್ಲ.
ಮದ್ದು ಹೇಳುವ ಅಧಿಕಾರ ನನ್ನದಲ್ಲ.
ಡಾಕ್ಟರನ್ನು ಕೇಳಿ, ಅಂದೆ.
ಉಳಿದ ಬೇರು ಎಲ್ಲಿ ಹೋಯಿತು
ಎಂದು ಇಲ್ಲಿ ಬರೆಯುವುದಿಲ್ಲ.

ಹದಿನೈದು ದಿನಕ್ಕೆ, ಬೈತಖೋಲದ ಧಕ್ಕೆಯಲ್ಲಿ
ದೋಣಿಗೆ ಐಸು ಏರಿಸುತ್ತಿದ್ದವರು ಕೈ ಬೀಸಿ
ಏನೋ ಕೂಗಿದರು. ನಿನ್ನೆ, ಬಟ್ಟಲು, ದಕ್ಕಿತು...
ಎಂಜಿನ್ನಿನ ಸದ್ದಲ್ಲಿ ಪೂರ್ತಿ ಕೇಳಲಿಲ್ಲ.
ಅರ್ಧ ಬಟ್ಟಲೋ, ಒಂದೋ.