ಬಿಚ್ಚಾಣಿಕೆ

ಶಿಡ್ಲಘಟ್ಟದ ಬಸ್‌ಸ್ಟ್ಯಾಂಡ್ ಹಿಂದೆ
ಟೈಲರ್ ಅಂಗಡಿಯ ಅಟ್ಟದ ಮೇಲೆ
ಗೌಸ್‌ಪೀರ್ ಸಾಬರ ಬಾಡಿಗೆ ಪುಸ್ತಕ.
ವಾರಕ್ಕೆ ಐದು ರೂಪಾಯಿ, ಹರಿದರೆ ಇಪ್ಪತ್ತು.
ಸಂಸಾರದ್ದು ಬೇಕಾ, ದೇವರದ್ದು ಬೇಕಾ
ಅಂತೆಲ್ಲ ಕೇಳುವುದಿಲ್ಲ ಈಗ.
ಏಣಿಯ ಮೇಲೆ ನನ್ನ ಚಪ್ಪಲಿ ಸದ್ದಾದರೆ ಸಾಕು,
ಕೈ ಕೆಳಗಿನ ಗೂಡಿಗೇ ಹೋಗುತ್ತದೆ.
ಪ್ರೀತಿಸುವವನೇ ಕೊಲ್ಲುವವನೂ
ಇರಬಹುದಾದ ಕಥೆಗಳು ಅಲ್ಲಿರುವುದು.

ಇರಬಹುದು.
ಆ ಒಂದು ಮಾತಿಗೇ ನಾನು ಐದು ರೂಪಾಯಿ ಕೊಡುವುದು.

ಹಗಲೆಲ್ಲ ಬಿಸಿನೀರಿನ ಬಾಣಲೆ ಮುಂದೆ.
ಬೆಂದ ಗೂಡುಗಳ ಮೈ ಸವರಿ ಸವರಿ
ತುದಿ ಹುಡುಕಬೇಕು. ಸಿಕ್ಕಿತೋ,
ಅರ್ಧ ಮೈಲಿ ಎಳೆ, ಒಂದೇ ಉಸಿರು,
ಒಳಗಿರುವುದು ಬೆತ್ತಲಾಗುವ ತನಕ.
ತನ್ನ ಸುತ್ತ ತಾನೇ ನೂತುಕೊಂಡ
ಅಷ್ಟು ನುಣುಪು ಮನೆಯಲ್ಲಿ
ಅದು ಸತ್ತದ್ದು ಯಾವಾಗ ಅಂತ
ಸೀರೆ ಉಟ್ಟವರು ಕೇಳುವುದಿಲ್ಲ.
ಬೆರಳ ವಾಸನೆ ಯಾವ ಸೋಪಿಗೂ ಹೋಗುವುದಿಲ್ಲ.
ಅದೇ ಬೆರಳಲ್ಲಿ ರಾತ್ರಿ ಪುಟ ತಿರುವುತ್ತೇನೆ.

ಕಥೆಯೊಳಗಿನ ಅವನದು ತಗ್ಗಿದ ದನಿ.
ಸಕ್ಕರೆ ಎಷ್ಟು ಅಂತ ಕೇಳದೆಯೇ
ಅವಳಿಗೆ ಕಾಫಿ ಬೆರೆಸಿ ತರುತ್ತಾನೆ.
ಹದ ಸರಿಯಾಗಿದೆ. ನಾನು ಹೇಳಿರಲಿಲ್ಲವಲ್ಲ,
ಅಂದುಕೊಳ್ಳುತ್ತಾಳೆ. ಇನ್ನೊಂದು ಗುಟುಕು.
ಕುಡೀಬೇಡ್ವೇ ಮೂದೇವಿ, ಅನ್ನುತ್ತೇನೆ ಇಲ್ಲಿಂದ;
ಅನ್ನುತ್ತಲೇ ನನ್ನ ಗಂಟಲೂ ಮೇಲೆ ಕೆಳಗೆ ಆಡುತ್ತದೆ.

ತವರಿನಲ್ಲಿ ಹುಳ ಸಾಕುತ್ತಿದ್ದೆವು.
ಗೂಡು ಕಟ್ಟುವ ಮುಂಚೆ ನಾಲ್ಕು ಸಲ
ಜ್ವರಕ್ಕೆ ಹೋಗುತ್ತದೆ ಹುಳ.
ಸೊಪ್ಪು ಮುಟ್ಟುವುದಿಲ್ಲ.
ತಲೆ ಎತ್ತಿ, ಅಲುಗದೆ,
ಹಳೇ ಚರ್ಮ ಬಿಡುವುದನ್ನೇ ಕಾಯುತ್ತದೆ.
ನೂರ ಹನ್ನೆರಡನೇ ಪುಟದಲ್ಲಿ ನಾನೂ ಹಾಗೇ.

ಪಕ್ಕದಲ್ಲಿ ಪಿಳ್ಳಾಂಜಿನಪ್ಪ, ನನ್ನ ಗಂಡ, ನಿದ್ದೆಯಲ್ಲಿ.
ಹದಿನಾರು ವರ್ಷ. ಒಂದು ದಿನ ಕೈ ಎತ್ತಿದವನಲ್ಲ.
ಸಕ್ಕರೆ ಎಷ್ಟು ಅಂತ ಇವತ್ತಿಗೂ ಕೇಳುತ್ತಾನೆ.
ಏನೋ ಬಚ್ಚಿಟ್ಟಿದ್ದೀಯ ನೀನು, ಅಂತ
ಒಂದು ಸಲವೂ ನನ್ನ ಮುಖ ಹುಡುಕಿದವನಲ್ಲ.
ಬಚ್ಚಿಟ್ಟಿರಬಹುದು ಅನ್ನುವ ಅನುಮಾನವೂ
ಒಂದು ಮರ್ಯಾದೆಯೇ ಅಲ್ಲವಾ?

ಹಾಗಂತ ನಾನೇನು ಪೆದ್ದಿಯಲ್ಲ.
ನಿಜವಾದ ಅಂಥವನನ್ನು ನೋಡಿದ್ದೇನೆ.
ಹಿಂದಿನ ಬೀದಿಯಲ್ಲಿ, ಗಂಗರತ್ನಳ ಗಂಡ.
ತಗ್ಗಿದ ದನಿ ಇಲ್ಲ, ಗುಟ್ಟೂ ಇಲ್ಲ,
ಬಾಯಲ್ಲಿ ಬೀಡಿ, ಬನೀನು ತೂತು.
ಅವನು ಎಂಥವನೆಂದು ಮೊದಲ ಪುಟದಲ್ಲೇ
ಇಡೀ ಬೀದಿಗೆ ಗೊತ್ತಿತ್ತು.
ಕೊನೇ ಪುಟದ ತನಕ ಯಾರೂ ಬಾಯಿ ಬಿಡಲಿಲ್ಲ.
ನಾನೂ ಬಿಡಲಿಲ್ಲ.

ಪುಸ್ತಕದ ಭಯ ಬೇರೆ.
ಸಾಕೆನಿಸಿದರೆ ಮುಚ್ಚಿ, ದಿಂಬಿನಡಿ ಇಟ್ಟು,
ಎದೆ ಬಡಿತ ಎಣಿಸುತ್ತ ಮಲಗಬಹುದು.
ಗಂಗರತ್ನಳಿಗೆ ಮುಚ್ಚಲು ಏನಿತ್ತು?

ಆದರೆ ಈಚೆಗೆ ನಾನು ಓದುವುದು ಕಥೆಗಲ್ಲ.
ನನಗಿಂತ ಮುಂಚೆ ಓದಿದವರು ಯಾರೋ,
ಚೀಟಿಯಲ್ಲಿ ನಂಬರು ಮಾತ್ರ, ನಲವತ್ಮೂರು,
ನನ್ನ ಉಸಿರು ಎಲ್ಲೆಲ್ಲಿ ಕಟ್ಟಿತೋ
ಅಲ್ಲಲ್ಲೇ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ.
ನಾಲ್ಕು ಪುಸ್ತಕ ಆಯಿತು ಹೀಗೆ.
ಕಾಫಿಯ ಪಕ್ಕ, ಅಂಚಿನಲ್ಲಿ, ಸಣ್ಣಗೆ:
ಕುಡೀಬೇಡ.

ಗೂಡಿನ ಮಾರ್ಕೆಟ್ಟಿಗೆ ಊಟದ ಕ್ಯಾರಿಯರ್ ಕೊಡಲು ಹೋದಾಗ
ಕಿವಿ ಹಿಂದೆ ಪೆನ್ಸಿಲ್ ಸಿಕ್ಕಿಸಿದ ಒಬ್ಬೊಬ್ಬರನ್ನೂ
ಒಂದು ಗಳಿಗೆ ಜಾಸ್ತಿ ನೋಡುತ್ತೇನೆ.
ಹೆಂಗಸೂ ಆಗಿರಬಹುದು. ಆಗಲೂ ಎದೆ ಹೊಡೆದುಕೊಳ್ಳುತ್ತದೆ.
ಸಾಬರ ರಿಜಿಸ್ಟರಿನಲ್ಲಿ ಹೆಸರಿದೆ.
ಕೇಳುವುದಿಲ್ಲ.

ನಿನ್ನೆ ರಾತ್ರಿ ಎದ್ದು ಚಿಲಕ ನೋಡಿದೆ, ಹಾಕಿತ್ತು.
ಮತ್ತೊಮ್ಮೆ ನೋಡಿದೆ.
ಮಗನ ಜಾಮಿಟ್ರಿ ಡಬ್ಬಿ ಸದ್ದಾಗದಂತೆ ತೆಗೆದು
ಆ ಅಕ್ಷರದ ಕೆಳಗೆ, ಬೆಂದ ಗೂಡು ನಾರುವ ಬೆರಳಲ್ಲಿ,
ನಾನೂ ಒಂದು ಸಾಲು ಬರೆದೆ.

ಕುಡಿದಾಯ್ತು.