ವಾಚು, ಕೈಯದು, ಒಂದು

ಭಾನುವಾರ, ಬೆಳಗಿನ ಐದೂವರೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆ.
ಬುಡೇನ್ ಸಾಬರ ಗೋಣಿತಾಟಿನ ಮೇಲೆ ಟಾರ್ಚು ಬಿಡುತ್ತೇನೆ:
ಮಿಕ್ಸಿಯ ಜಾರು, ಒಂಟಿ ಬೂಟು, ಹಿಡಿ ಸುಟ್ಟ ಇಸ್ತ್ರಿಪೆಟ್ಟಿಗೆ,
ಪಕ್ಕದಲ್ಲಿ ಬೋರಲು ಬಿದ್ದ ಒಂದು ವಾಚು.

ಮುಖ ನೋಡಿ ಮರುಳಾಗುವವರು ಹೊಸಬರು.
ಮುಖಕ್ಕೆ ಯಾರು ಬೇಕಾದರೂ ಬಣ್ಣ ಬಳಿಯುತ್ತಾರೆ.
ನಾನು ಬೆನ್ನು ನೋಡುವವನು.
ಕೋಳಿ ಹೆಜ್ಜೆಯಂಥ ಬಾಣದ ಗುರುತು,
ಅದರಡಿ ಐದು ಅಂಕಿ, ಕಡೆಯದು ಸವೆದು
ನಾಲ್ಕೋ ಒಂಬತ್ತೋ ತಿಳಿಯದು.

'ಮಿಲ್ಟ್ರಿ ಮಾಲು ಸಾರ್, ಬಾರ್ಡರಿಂದ ಬಂದಿದ್ದು.'
ಹೋದ ವಾರ ಒಂದು ಫ್ಲಾಸ್ಕಿಗೂ
ಅವರು ಇದೇ ಮಾತು ಹೇಳಿದ್ದರು.
ಎರಡೂವರೆ ಸಾವಿರ ಅಂದರು, ಸಾವಿರದೆಂಟುನೂರಕ್ಕೆ ಬಂತು.

ಶಿವಾಜಿನಗರ ಬಸ್ ನಿಲ್ದಾಣದ ಗೂಡಿನಲ್ಲಿ ಕೂತು
ಇಪ್ಪತ್ತಾರು ವರ್ಷ ಬಸ್ಸುಗಳ ಹೊತ್ತು ಬರೆದವನು ನಾನು.
ಬಂದದ್ದು, ಹೋದದ್ದು, ತಡವಾದದ್ದು, ಬಾರದೇ ಹೋದದ್ದು.
ಮನೆಯಲ್ಲಿ ಸಾಂಬಾರಪುಡಿಯ ಹಳೇ ಡಬ್ಬಿಯೊಳಗೆ
ಹನ್ನೊಂದು ವಾಚು, ಹನ್ನೊಂದಕ್ಕೂ ಬಾಣದ ಗುರುತು,
ಹನ್ನೊಂದಕ್ಕೂ ಬೇರೆ ಬೇರೆ ಹೊತ್ತು.
'ನಿಮಗಿರೋದು ಎರಡೇ ಕೈ,' ಅಂತಾಳೆ ಗಿರಿಜಾಂಬೆ.
ಎಣಿಸಿ ನೋಡಿಕೊಂಡೆ. ನಿಜ.

ಒಂದೇ ಒಂದು ಸಂಗತಿ ನಿದ್ದೆ ಕೆಡಿಸುತ್ತದೆ.
ಇವು ಮಾರಿದ ವಾಚುಗಳಲ್ಲ, ಬಹುಮಾನವಲ್ಲ, ಉಡುಗೊರೆಯಲ್ಲ.
ಸಹಿ ಹಾಕಿ ಪಡೆದದ್ದು, ಪೆನ್ಷನ್ನಿಗೆ ಮೊದಲು
ಸಹಿ ಹಾಕಿ ಹಿಂದಿರುಗಿಸಬೇಕಾದದ್ದು.
ಹಾಗಾದರೆ ಗೋಣಿತಾಟಿಗೆ ಬಂದದ್ದು
ಯಾವ ಬಾಗಿಲಿಂದ?

ಹಲಸೂರಿನಲ್ಲಿ ಏಳುಮಲೈ ಇದ್ದಾರೆ, ಎಂಬತ್ತೆಂಟು ವಯಸ್ಸು,
ಸ್ಯಾಪರ್ಸ್ ಸ್ಟೋರಿನಲ್ಲಿ ಹವಾಲ್ದಾರರಾಗಿದ್ದವರು.
ಕೆರೆ ಕಡೆ ಮುಖದ ಒಂದೇ ಕೋಣೆ, ಬಾಗಿಲಿಗೆ ಹಸಿರು ಬಣ್ಣ.
ಅವರ ಅಂಗೈಯಲ್ಲಿ ವಾಚು ಇಟ್ಟೆ.
ಮುಖ ನೋಡಲಿಲ್ಲ. ಬೆನ್ನು ತಿರುಗಿಸಿದರು,
ಭೂತಗನ್ನಡಿಯನ್ನು ಹತ್ತಿರ ತಂದರು, ದೂರ ಒಯ್ದರು.

'ನಾಲ್ಕು ಆದ್ರೆ ಇದು ನದೀಲಿ ಹೋಯ್ತು.
ಸೇತುವೆ ಕಟ್ಟೋ ರಾತ್ರಿ. ನಾನೇ ಬರ್ದೆ.
ಆ ಹುಡುಗನ ಸಂಬ್ಳದಲ್ಲಿ ಏಳು ತಿಂಗ್ಳು ಹಿಡುದ್ವಿ.
ಅವನು ಒಂದ್ ಮಾತು ಆಡ್ಲಿಲ್ಲ.
ಊರಲ್ಲಿ ಕಟ್ಕೊಂಡು ತಿರುಗಿರ್ತಾನೆ, ತಿರುಗ್ಲಿ.'

'ಒಂಬತ್ತಾದರೆ?'

ಗುಂಡಿ ಹಿಡಿದು ಕೀ ಕೊಡತೊಡಗಿದರು.
ಹದಿನಾರು ಸುತ್ತು, ನಾನೂ ಎಣಿಸಿದೆ.
ಗುಂಡಿ ಎಳೆದರು, ಸೆಕೆಂಡಿನ ಮುಳ್ಳು
ಹನ್ನೆರಡರ ಮೇಲೆ ಅಟೆನ್ಷನ್ನಿನಲ್ಲಿ ನಿಂತಿತು.
'ಒಂಬತ್ತು ವಾಪಸ್ ಬಂತು. ಚೀಲದಲ್ಲಿ,
ಒಂದು ಬಾಚಣಿಗೆ, ಎರಡು ಕಾಗದದ ಜೊತೆ.
ಆಮೇಲೆ ಚೀಲದಲ್ಲಿ ಬಾಚಣಿಗೆ ಇತ್ತು, ಕಾಗದ ಇತ್ತು.'

ಕೆಳಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು,
ಅದು ಹತ್ತಿಕೊಳ್ಳುತ್ತಲೇ ಇರಲಿಲ್ಲ.
ಗುಂಡಿ ಒತ್ತಿದರು. ಮುಳ್ಳು ಹೊರಟಿತು.

ವಾಚಿಗೆ ಕೈ ಚಾಚಿದೆ, ಕೊಡಲಿಲ್ಲ.
ಗೋಡೆಯಿಂದ ಚೀಟಿ ಫಂಡಿನ ಕ್ಯಾಲೆಂಡರಿನ
ಹೋದ ತಿಂಗಳ ಹಾಳೆ ಹರಿದು, ಹಿಂಬದಿಯಲ್ಲಿ
ಸ್ಕೇಲಿಟ್ಟು ಗೆರೆ ಎಳೆದು, ಇಂಗ್ಲಿಷು ನನಗೆ ಬರದೆಂದುಕೊಂಡು
ದಪ್ಪ ದಪ್ಪ ಕನ್ನಡದಲ್ಲಿ ಬರೆದರು:
ವಾಚು, ಕೈಯದು, ಒಂದು.
ಪಟ್ಟಿ ಇಲ್ಲ. ಗಾಜು ಗೀರಿದೆ. ನಡೆಯುತ್ತದೆ.
ಸಂಖ್ಯೆಯ ಕಡೆಯ ಮನೆಯನ್ನು ಖಾಲಿ ಬಿಟ್ಟರು.
'ಸೈನ್ ಮಾಡಿ.'

ದುಡ್ಡು ಕೊಟ್ಟು ಕೊಂಡದ್ದು ಸ್ವಾಮಿ, ಅನ್ನಬೇಕೆಂದಿದ್ದೆ.
ಪೆನ್ನು ಚಾಚಿದ ಕೈ ನಡುಗುತ್ತಿತ್ತು, ದನಿ ನಡುಗುತ್ತಿರಲಿಲ್ಲ.
ಮಾಡಿದೆ.
'ಹಿಂದಿರುಗಿಸಬೇಕಾದ ದಿನಾಂಕ' ಅಂತ ಒಂದು ಕಾಲಂ ಇತ್ತು.
ಏನು ಬರೆಯಲಿ ಅಂದೆ.
'ಅದು ನೀವ್ ಬರೆಯೋದಲ್ಲ,' ಅಂದರು, 'ಸ್ಟೋರು ಬರಿಯುತ್ತೆ.'

ಈಗ ಗೂಡಿನಲ್ಲಿ ಕಟ್ಟಿಕೊಂಡೇ ಕೂರುತ್ತೇನೆ.
ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ,
ರಿಪೇರಿಯವನಿಗೆ ಕೊಟ್ಟಿಲ್ಲ.
ಸ್ನಾನಕ್ಕೆ ಹೋಗುವಾಗ ಬಿಚ್ಚಿ
ಎಲ್ಲಿಟ್ಟೆನೆಂದು
ಗಿರಿಜಾಂಬೆಗೆ ಹೇಳಿ ಹೋಗುತ್ತೇನೆ.